ಅಂಡಿಗೆಯ ಗಂಟು

ಹಡಗು ಮುಳುಗಬಹುದು. ಯುದ್ಧದ ಕಾಲ, ಯಾರಾದರೂ ಬೇಕೆಂದೇ ಮುಳುಗಿಸಬಹುದು. ಕೊರಳಿನ ಲಿಂಗ ಸಮುದ್ರದ ಪಾಲಾಗಬಹುದು. ಇಲ್ಲವೇ ಹಡಗಿನ ಖಲಾಸಿ ಕೆಲಸವೇ ಸಿಗದೆ ನನ್ನ ತಮ್ಮ ಈರಣ್ಣ ಮುಂಬಯಿಯಲ್ಲಿ ಬೀದಿ ಅಲೆಯಬಹುದು. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ನಾನು ಇದನ್ನೆಲ್ಲ ಎಣಿಸುತ್ತಿದ್ದೆ. ಈರಣ್ಣ ಪುಠಾಣಿ ತಿನ್ನುತ್ತಿದ್ದ.

ರಜೆ ಮುಗಿಸಿ ಹಡಗಿಗೆ ಮರಳುತ್ತಿದ್ದ ಖಲಾಸಿಗಳ ಮುಖ್ಯಸ್ಥ ಕರೀಂಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಈಸಾಕ ಬರ್ತೈತೇನೋ?”

“ಉಣಕಲ್ ಕೆರ್ಯಾಗ ಮೊಣಕಾಲತನಾ ಇಳದೇನ್ರಿ, ಕಾಕಾ.”

ನಾನು ಹಣೆಯ ಬೆವರು ಒರೆಸಿಕೊಂಡೆ. “ಹಂಗಾದ್ರ ಬ್ಯಾಡ ಬಿಡ್ರಿ,” ಎಂದೆ.

“ನೀವು ಸುಮ್ಕಿರ್ರಿ ಅಣ್ಣಾರ. ಹಡಗು ನೋಡೂಕಿಂತ ಮೊದ್ಲ ಬೆವರಿನ್ಯಾಗ ಮುಳುಗೀರಿ!” ಎಂದು ನಕ್ಕ ಸಾಹೇಬರು ಈರಣ್ಣನತ್ತ ತಿರುಗಿ, “ಹಗ್ಗಾನಾದ್ರೂ ಕಟ್ಟಿ ತೋರ್ಸು,” ಎಂದರು.

ಹತ್ತಿರವಿದ್ದದ್ದು ಬುತ್ತಿಯ ಚೀಲಕ್ಕೆ ಸುತ್ತಿದ ಹಗ್ಗವೊಂದೇ. ಹತ್ತು ವರ್ಷ ಅಡತಿ ಅಂಗಡಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಮೂಟೆಗಳನ್ನು ಬಿಗಿದ ಕೈ ಅವನದು. ಚೀಲವನ್ನು ಬೆಂಚಿನ ಕಾಲಿಗೆ ಅಂಡಿಗೆಯಂತೆಯೇ ಬಿಗಿದ. ಸಾಹೇಬರು ಕಾಲು ಕೊಟ್ಟು ಜಗ್ಗಿದರೂ ಗಂಟು ಮಿಸುಕಲಿಲ್ಲ.

“ನಡಿ, ನನ್ನ ಜೋಡಿ ಹತ್ತು,” ಎಂದರು.

ಗಾಡಿ ಬಂದೇಬಿಟ್ಟಿತ್ತು. ಈರಣ್ಣ ಹತ್ತಿದ. ಗಾಡಿ ಹೊರಟಾಗಲೂ ನಾನು ಬುತ್ತಿಯ ಚೀಲದ ಗಂಟು ಬಿಚ್ಚುತ್ತಲೇ ಇದ್ದೆ.

ಅವನೀಗ ಯಾವ ಸಮುದ್ರದಲ್ಲಿದ್ದಾನೋ ತಿಳಿಯದು. ಟಪಾಲಿನವನನ್ನು ಕಂಡರೆ ಇಂದಿಗೂ ನನ್ನ ಜೀವ ಹಾರುತ್ತದೆ. ಆದರೆ ಈವರೆಗೆ ಬಂದ ಎರಡು ಕಾಗದಗಳಲ್ಲಿಯೂ ಅವನ ದೂರು ಒಂದೇ: ಅವ್ವ ಕಟ್ಟಿಕೊಟ್ಟ ರೊಟ್ಟಿ ಬೆಂಚಿನ ಕಾಲಿಗೇ ಉಳಿಯಿತಂತೆ.