ಎಡಗಡೆಯಿಂದ ಹಾಯ್ದ ಕುರಿಗಳು

೧೪ ಏಪ್ರಿಲ್ ೧೯೩೧. ಮಧ್ಯಾಹ್ನ ಸುಳಿಗಾಳಿ, ಸಂಜೆ ನಾಲ್ಕು ಹನಿ ಬಿದ್ದು ನೆಲದ ಕಾವು ಇನ್ನೂ ಹೆಚ್ಚಿತು.

ಕರಜಗಿಯ ನಮ್ಮ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿರುವ ಅಮೋಗಸಿದ್ಧನಿಗೆ ಐವತ್ತೈದು ವರ್ಷ. ಆಕಾಶದ ಹದ್ದನ್ನು ಗುರುತಿಸುವ ಅವನು ಕಾಲ ಬಳಿಯ ಕೊಡವನ್ನು ಎಡವುತ್ತಾನೆ. ಸಂಜೆ ತಮ್ಮ ಸಿದ್ರಾಮ ಕುರಿ ಹೊಡೆದು ತರಬೇಕು, ಅಣ್ಣ ದೊಡ್ಡಿಯ ಬಾಯಲ್ಲಿ ನಿಂತು ಎಣಿಸಬೇಕು; ಹಿರಿಯನ ಎಣಿಕೆಯೇ ಕೊನೆಯದು. ಇದು ಅವರ ಮನೆತನದ ಪದ್ಧತಿ. ಶಿವರಾತ್ರಿಯಿಂದೀಚೆಗೆ ಆ ಎಣಿಕೆ ಕಡಿಮೆ ಬರತೊಡಗಿತ್ತು.

“ಆರು ಕಡಿಮಿ ಅದಾವ. ಅಕ್ಕಲಕೋಟ ಬಾಜಾರದಾಗ ಎಷ್ಟಕ್ಕ ಮಾರಿದಿ?”

“ಬಿರೋಬಾ ದೇವರ ಅರಿಷಿಣ ಭಂಡಾರ ಮುಟ್ಟಿ ಆಣಿ ಮಾಡೀನಿ, ಅಣ್ಣಾ. ಇನ್ನೇನ ಮುಟ್ಟಲಿ?”

“ಭಂಡಾರಾನೂ ತಿಂದು ದಕ್ಕಿಸ್ಕೊಳ್ಳೂ ಮಗ ನೀ.”

ಸಿದ್ರಾಮ ಎಣಿಸಿದರೆ ಅರವತ್ತು ಪೂರ. ಆದರೆ ಕಳ್ಳನೆನಿಸಿಕೊಂಡವನ ಎಣಿಕೆಯನ್ನು ಯಾರು ಒಪ್ಪುತ್ತಾರೆ? ಒಂದು ಸಂಜೆ ನಾನು ಪಕ್ಕದಲ್ಲಿ ನಿಂತು ನೋಡಿದೆ. ಎಡಗಡೆಯಿಂದ ನುಸುಳಿದ ಕುರಿಗಳಿಗೆ ಅಮೋಗಸಿದ್ಧನ ಬೆರಳು ಮಡಚಲೇ ಇಲ್ಲ.

ಹೋದ ವಾರ ಇಬ್ಬರನ್ನೂ ಸೊಲ್ಲಾಪುರದ ಕಣ್ಣಿನ ಡಾಕ್ಟರರಲ್ಲಿಗೆ ಕರೆದೊಯ್ದೆ. ರೈಲಿನಲ್ಲಿ ಒಬ್ಬರು ಆ ತುದಿ, ಇನ್ನೊಬ್ಬರು ಈ ತುದಿ. ಡಾಕ್ಟರರು ಬೆರಳನ್ನು ಪಕ್ಕದಿಂದ ಮೆಲ್ಲಗೆ ಮುಂದೆ ತಂದರು. ಅದು ಮೂಗಿನ ಹತ್ತಿರ ಬರುವವರೆಗೆ ಅಮೋಗಸಿದ್ಧನಿಗೆ ಕಾಣಲಿಲ್ಲ. ರೆಪ್ಪೆಯ ಮೇಲೆ ಒತ್ತಿ ನೋಡಿ ಕಣ್ಣು ಗೋಲಿಯಂತೆ ಗಟ್ಟಿಯಾಗಿದೆ ಎಂದರು. ಕಾಚಬಿಂದು. ಕಣ್ಣಿನೊಳಗಿನ ನೀರು ಹೊರಹೋಗದೆ ನರ ಸಾಯುತ್ತದೆ, ನೋಟ ಅಂಚಿನಿಂದ ಒಳಗೆ ಕಿರಿದಾಗುತ್ತದೆ. ಪೊರೆ ಬರುವ ಮೋತಿಬಿಂದುವಿನಂತೆ ಹಣ್ಣಾಗಲೆಂದು ಕಾಯುವ ರೋಗ ಇದಲ್ಲ, ಹೋದದ್ದು ಮರಳದು. ದಿನಕ್ಕೆ ಮೂರು ಸಲ, ತಪ್ಪದೆ, ಔಷಧದ ಹನಿ ಬಿದ್ದರೆ ಉಳಿದದ್ದು ಉಳಿದೀತು, ಇಲ್ಲವಾದರೆ ಶಸ್ತ್ರಕ್ರಿಯೆ.

ಅಮೋಗಸಿದ್ಧ ಒಬ್ಬನೇ ಹಾಕಿಕೊಂಡರೆ ಹನಿ ಕೆನ್ನೆಗೆ ಬೀಳುತ್ತಿತ್ತು. ಅಡವಿಯಲ್ಲಿ ಇರುವುದು ತಮ್ಮನ ಕೈ ಒಂದೇ. ಆರು ದಿನ ಅವನು ಆ ಕೈಯನ್ನು ಹತ್ತಿರ ಬರಗೊಡಲಿಲ್ಲ.

ಇಂದು ಸಂಜೆ ಅಮೋಗಸಿದ್ಧ, ಡಾಕ್ಟರರು ಹೇಳಿದಂತೆ, ಕತ್ತನ್ನು ಪೂರ್ತಿ ಎಡಕ್ಕೂ ಬಲಕ್ಕೂ ಹೊರಳಿಸುತ್ತ ಎಣಿಸಿದ. ಅರವತ್ತು.

“ಡಾಕ್ಟರಗ ಅಂಜಿ, ಮಾರಿದ್ದು ತಿರುಗಿ ತಂದ ಬಿಟ್ಟಿ,” ಎಂದ.

ಸಿದ್ರಾಮ ಬಾಟಲಿ ಮುಂದೆ ಹಿಡಿದ. “ಹಾಕಿಸ್ಕೊತಿಯೋ, ಕುರುಡಾಗಿ ಕುಂತು ನನ್ನ ಬೈತಿಯೋ?”

ಅಣ್ಣ ಕಂಬಳಿಯ ಮೇಲೆ ಅಂಗಾತ ಮಲಗಿದ. “ಹಾಕು. ಕಳ್ಳನ ಕೈ ನಡುಗಬಾರದು.”

“ನಡುಗಂಗಿಲ್ಲ.”

ನಡುಗಲಿಲ್ಲ. ಹನಿ ಕಣ್ಣೊಳಗೇ ಬಿತ್ತು.

ಖರ್ಚು: ಮೂವರಿಗೆ ಹೋಗಿಬರುವ ರೈಲು, ಒಂದು ರೂಪಾಯಿ ಹದಿನಾಲ್ಕು ಆಣೆ. ಔಷಧ ಎಂಟು ಆಣೆ. ಊಟ ಆರು ಆಣೆ. ಒಟ್ಟು ಎರಡು ರೂಪಾಯಿ ಹನ್ನೆರಡು ಆಣೆ.