ತಾರಸಿಯ ಮೇಲೆ ಬಾರ್ಕೂರು

ತೊಂಬತ್ತರ ದಶಕದ ದೋಹಾದಲ್ಲಿ ಬೆಳೆದ ನಮ್ಮಂಥವರಿಗೆ ಮೈದಾನವೆಂದರೆ ಕಟ್ಟಡದ ತಾರಸಿ. ಅದೂ ಚಳಿಗಾಲದಲ್ಲಿ ಮಾತ್ರ, ಉಳಿದ ತಿಂಗಳುಗಳಲ್ಲಿ ಅಲ್ಲಿ ಕಾಲಿಟ್ಟರೆ ಅಂಗಾಲು ಚುರ್ರೆನ್ನುತ್ತಿತ್ತು. ಅಲ್ ಸದ್ದ್ ಬಡಾವಣೆಯ ನಮ್ಮ ತಾರಸಿಯ ತುಂಬ ಡಿಶ್ ಆಂಟೆನಾಗಳು, ಒಣಹಾಕಿದ ಬಟ್ಟೆಯ ಸೋಪಿನ ಪರಿಮಳ, ಕೆಳಗೆ ಯಾರದೋ ಅಡುಗೆಮನೆಯಲ್ಲಿ ಮೀನು ಹುರಿಯುವ ವಾಸನೆ. ನಿಮ್ಮಲ್ಲಿ ಕೆಲವರಿಗಾದರೂ ಇದು ನೆನಪಿರಬೇಕು.

ಒಂದು ಚಳಿಗಾಲದ ರಜೆಯಲ್ಲಿ ಎದುರು ಫ್ಲ್ಯಾಟಿಗೆ ಮರಿಸೋಲ್ ಬಂದಳು. ಅವಳಪ್ಪ ಎಂಜಿನಿಯರ್, ಊರು ಮೆಕ್ಸಿಕೊದ ಗ್ವಾನಾಹ್ವಾತೊ. ಒಂದು ಸಂಜೆ ತಾರಸಿಯ ಅರ್ಧಭಾಗದಲ್ಲಿ ಬಣ್ಣದ ಸೀಮೆಸುಣ್ಣದಿಂದ ತನ್ನ ಊರನ್ನೇ ಬರೆದು, ನನ್ನ ಕೈಹಿಡಿದು ಸುತ್ತಿಸಿದಳು. ಇದು ಹಳೆಯ ಬೆಳ್ಳಿ ಗಣಿ. ಇಲ್ಲಿ ಮೊದಲು ಹೊಳೆ ಹರಿಯುತ್ತಿತ್ತು, ಈಗ ಸುರಂಗದಲ್ಲಿ ಕಾರುಗಳು ಓಡುತ್ತವೆ, ತಲೆ ಬಗ್ಗಿಸು. ಈ ಓಣಿ ಎಷ್ಟು ಕಿರಿದೆಂದರೆ ಎದುರುಬದುರು ಬಾಲ್ಕನಿಯವರು ಮುತ್ತು ಕೊಟ್ಟುಕೊಳ್ಳಬಹುದು. ಅದಕ್ಕೆ ಇಬ್ಬರೂ ಬಿದ್ದುಬಿದ್ದು ನಕ್ಕೆವು. ಏರು ಹತ್ತಿ, ಹಳದಿ ಚರ್ಚಿನ ಪಕ್ಕ ತಿರುಗಿದರೆ ಅವಳ ಅಜ್ಜಿಯ ಮನೆ.

ಇನ್ನು ನಿನ್ನ ಊರು ತೋರಿಸು ಎಂದಳು. ಅಮ್ಮನ ತವರು ಕರಾವಳಿಯ ಬಾರ್ಕೂರು, ಅಪ್ಪನಿಗೆ ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೆವು. ಆದರೆ ನನಗೆ ನೆನಪಿದ್ದದ್ದು ಸೊಳ್ಳೆ ಮತ್ತು ಹೋದ ಕರೆಂಟು. ಒಂದು ಚೌಕ ಬರೆದೆ, ಮುಂದೆ ಕೈ ಓಡಲಿಲ್ಲ.

ಬಟ್ಟೆ ತೆಗೆಯಲು ಬಂದಿದ್ದ ಅಮ್ಮ ನೋಡಿದಳು. ಮನೆಯಾಚೆ ಬಾಯಿ ಬಿಡದ ಹೆಂಗಸು ಅವಳು, ಅಂಗಡಿಯಲ್ಲೂ ಬೆರಳು ತೋರಿಸಿಯೇ ಸಾಮಾನು ಕೊಳ್ಳುವವಳು. ಆವತ್ತು ಬಕೆಟ್ ಕೆಳಗಿಟ್ಟಳು.

"ಎಂತದು, ಬಾರ್ಕೂರು ಇಷ್ಟೇಯಾ? ಕೊಡು ಇಲ್ಲಿ."

ನೈಟಿಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು ಬರೆಯುತ್ತ ಹೋದಳು. ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ, ಕತ್ತಲೆ ಬಸದಿ, ಒಂದು ಕೆರೆ, ಅದರಾಚೆ ಇನ್ನೊಂದು ಕೆರೆ. ಒಂದು ಕಾಲಕ್ಕೆ ಇದು ರಾಜಧಾನಿಯಾಗಿತ್ತು ಅಂತ ಅವಳಿಗೆ ಹೇಳು ಎಂದಳು. ನಾನು ಹೇಳಲಿಲ್ಲ. ಅಮ್ಮನೇ "ಕಿಂಗ್, ಕಿಂಗ್" ಎನ್ನುತ್ತ ತಲೆಯ ಮೇಲೆ ಎರಡೂ ಕೈ ಕಿರೀಟದಂತೆ ಇಟ್ಟು ತೋರಿಸಿದಳು. ಅಷ್ಟರಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಮೆಟ್ಟಿಲ ಬಾಗಿಲಲ್ಲಿ ಬಂದು ನಿಂತಿದ್ದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಕೊನೆಗೆ ತನ್ನ ಮನೆ ಬರೆದಳು. ಅಂಗಳದ ಗೆರೆಯ ಬಳಿ ಮರಿಸೋಲ್‌ಳನ್ನು ನಿಲ್ಲಿಸಿ ಕೆಳಗೋಡಿದವಳು, ಚೆಂಬಿನಲ್ಲಿ ನೀರು, ಬಟ್ಟಲಲ್ಲಿ ಬೆಲ್ಲ ಹಿಡಿದು ಏದುಸಿರು ಬಿಡುತ್ತ ಬಂದಳು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು. ಗೆರೆಯ ಮನೆಯಾದರೇನು, ಅಮ್ಮನಿಗೆ ಅದು ಮನೆಯೇ. ಫ್ರಿಜ್‌ನಲ್ಲಿ ಜ್ಯೂಸ್ ಇರುವಾಗ ಈ ಬೆಲ್ಲ ಯಾಕೆ ಎಂದು ನನಗೆ ಅಳು ಬರುವಂತಾಯಿತು. ಮರಿಸೋಲ್ ಚಪ್ಪಲಿ ಕಳಚಿ, ಬೆಲ್ಲ ಕಚ್ಚಿ, ನಮ್ಮಜ್ಜಿಯ ಮನೆಯಲ್ಲೂ ಇಂಥದೇ ಇರುತ್ತದೆ ಎಂದಳು. ಆ ಇಂಗ್ಲಿಷ್ ಎಷ್ಟು ಅರ್ಥವಾಯಿತೋ, ಅಮ್ಮನ ಮುಖ ಅರಳಿತು.

"ಇನ್ನು ಒಳಗೆ ಬನ್ನಿ ಮಕ್ಳೇ. ಇದು ಚಾವಡಿ, ಇಲ್ಲಿ ನಾನು..."

ಬಾಗಿಲಲ್ಲಿದ್ದವರು ಕಿಸಕ್ಕೆಂದರು. ನನ್ನ ಬಾಯಿಗೆ ಮಣ್ಣು ಬೀಳ, "ಸಾಕಮ್ಮ, ಖಲಾಸ್. ಕೆಳಗೆ ಹೋಗು. ಎಲ್ಲ ನಗ್ತಿದ್ದಾರೆ" ಎಂದುಬಿಟ್ಟೆ.

ಅಮ್ಮ ಬಾಗಿಲ ಕಡೆ ನೋಡಿದಳು. ನೈಟಿ ಇಳಿಸಿಕೊಂಡಳು. ಹೌದು, ಅನ್ನಕ್ಕಿಡಬೇಕು ಎನ್ನುತ್ತ ಬಕೆಟ್ ಎತ್ತಿಕೊಂಡು ಹೋದಳು. ಮತ್ತೆಂದೂ ಅವಳು ನನ್ನ ಗೆಳತಿಯರ ಮುಂದೆ ಕೂರಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ.

ಬಾರ್ಕೂರಿನ ಆ ಮನೆಯನ್ನು ಮಾವಂದಿರು ಮಾರಿದರು, ಕೊಂಡವರು ಕೆಡವಿದರು. ಈಗ ಅಲ್ಲಿ ಕಾಂಕ್ರೀಟಿನ ಮದುವೆ ಹಾಲ್ ಇದೆ. ಅಮ್ಮನೂ ಇಲ್ಲ. ಕೊನೆಯ ದಿನಗಳಲ್ಲಿ ಅವಳ ಹಾಸಿಗೆಯ ಪಕ್ಕ ಕೂತು, ನೀನು ಸಣ್ಣವಳಿದ್ದಾಗ ಆ ಮನೆಯ ಒಳಗೆ ಏನೇನಿತ್ತು ಹೇಳಮ್ಮ ಎಂದು ಕೇಳಿದ್ದೆ.

"ಅವತ್ತು ತೋರಿಸ್ಲಿಕ್ಕೆ ಹೊರಟಿದ್ದೆ ಮಗಾ. ಈಗ ನಂಗೂ ಸರಿ ನೆನಪಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಕೈ ಸವರುತ್ತಲೇ ಹೇಳಿದಳು.