ಬಾಣಂತಿ ಕೋಣೆಯ ಕೆಂಡ

ಅವರ ಅಂಗೈಗಳು ಹುಣಸೆ ತೊಗಟೆಯಂತೆ ಸೀಳು ಬಿಟ್ಟಿದ್ದವು. ಸೀಳುಗಳೊಳಗಿನ ಕಪ್ಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಂಜನಗೂಡಿನ ನಮ್ಮ ಬೀದಿಗೆಲ್ಲ ಅವರು ಸೌದೆ ತಾತ. ಕೊಡಲಿಯ ಅಲಗಿಗೆ ಗೋಣಿ ಸುತ್ತಿ, ಹತ್ತಿರದ ಹದಿನಾರು ಎಂಬ ಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು.

ಒಡೆಯುವ ಮೊದಲು ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ, ತಲೆ ಬಗ್ಗಿಸಿ ಕೇಳುತ್ತಿದ್ದರು. ಒಣ ಸೌದೆ ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ. "ಏನಂತೆ ತಾತ?" ಎಂದರೆ, "ಇನ್ನೂ ಮಳೆಗಾಲದಲ್ಲೇ ಅದೆ ಸಾ" ಎನ್ನುತ್ತಿದ್ದರು.

ತಂಗಿ ಹೆರಿಗೆಗೆ ಬಂದಾಗ, ಸ್ನಾನದ ಹಂಡೆಗೂ ಬಾಣಂತಿ ಕೋಣೆಯ ಕೆಂಡಕ್ಕೂ ಹುಣಸೆ ಸೌದೆ ತರಿಸಿ ಅವರಿಂದ ಒಡೆಸಿದೆ. "ಗಾಳಿಗೆ ಬುಡಿ" ಎಂದು ಹೇಳಿ ಹೋದರು. ಮಳೆ ಹಿಡಿಯಿತು. ನಾನು ಸೌದೆಯನ್ನು ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿಬಿಟ್ಟೆ.

ಮಗು ಒಂದು ತಿಂಗಳು ಮೊದಲೇ ಹುಟ್ಟಿತು. ತೂಕ ಕಡಿಮೆ. ಬೆಚ್ಚಗಿಡಿ, ಹೊಗೆ ಮಾತ್ರ ತಾಗಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಬಚ್ಚಲೊಲೆಯ ಹೊಗೆ ಕೋಣೆ ತುಂಬಿತು. ಕೆಮ್ಮುವ ಶಕ್ತಿಯೂ ಇಲ್ಲದೆ ಮಗು ಸುಮ್ಮನೆ ಬಾಯಿ ತೆರೆಯಿತು.

ತಾತನನ್ನು ಕರೆಸಿದೆ. ಅವರು ಟಾರ್ಪಾಲು ಎತ್ತಿದರು. ಒಳಗೆ ಸೌದೆ ಬೆವೆತು, ಬಿಳಿ ಬೂಷ್ಟು ಹಿಡಿದಿತ್ತು.

"ಉಸ್ರು ಕಟ್ಸಿದೀರಲ್ಲ ಸಾ. ಪೇಪರ್ನಲ್ಲಿ ಊರ್ಗೆಲ್ಲ ಬುದ್ಧಿ ಯೋಳ್ತೀರಿ."

ನಾನು ಪತ್ರಿಕೆಗೆ ಅಂಕಣ ಬರೆಯುವುದು ಅವರಿಗೆ ಗೊತ್ತಿತ್ತು. ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ. "ಒಣ ಸೌದೆ ಎಲ್ಲಾದರೂ ಸಿಗುತ್ತಾ ತಾತ?"

"ನಮ್ಮನೇಲವೆ. ಈ ಹಸೀದ ನಾನೇ ತಕ್ಕೊಂಡೋಯ್ತೀನಿ. ಇಲ್ಲಿದ್ರೆ ಮರ್ತು ಒಲೆಗಾಕ್ಬುಡ್ತೀರಿ."

ಅಂದೇ ಮೊಪೆಡ್ಡಿನ ಹಿಂದೆ ಸರ್ವೆ ಸೌದೆ ಕಟ್ಟಿಕೊಂಡು ಬಂದರು. ಒಂದು ತಿಂಗಳು, ದಿನಾ ಬೆಳಿಗ್ಗೆ ಹಿತ್ತಲಿನಲ್ಲಿ ಬೆಂಕಿ ಹಾಕಿ, ಉರಿಯೂ ಹೊಗೆಯೂ ಪೂರ್ತಿ ಅಡಗುವವರೆಗೆ ಕುಕ್ಕರಗಾಲಿನಲ್ಲಿ ಕಾದು, ಬರೀ ಕೆಂಡವನ್ನು ಬಾಂಡ್ಲಿಗೆ ತುಂಬಿ ಅಮ್ಮನ ಕೈಗೆ ಕೊಡುತ್ತಿದ್ದರು. ಅಮ್ಮ ಅವಸರ ಮಾಡಿದರೆ, "ತಡೀರವ್ವ, ಇನ್ನೂ ಮಾತಾಡ್ತಾ ಅದೆ" ಎಂದು ಚಿಟಪಟ ಎನ್ನುವ ಕೊನೆಯ ಕೊಳ್ಳಿಯತ್ತ ಕೈ ತೋರಿಸುತ್ತಿದ್ದರು.

ಮಗುವಿನ ತೂಕ ಏರಿತು. ಡಾಕ್ಟರು ಇನ್ನು ಭಯವಿಲ್ಲ ಎಂದ ದಿನ ತಂಗಿ ಅದನ್ನು ತಾತನ ಮುಂದೆ ಹಿಡಿದಳು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡರು. "ಬ್ಯಾಡ ಕಣವ್ವ, ಗೀರ್ತದೆ." ಆಮೇಲೆ ಬಗ್ಗಿ ಅದರ ನೆತ್ತಿ ಮೂಸಿ ನೋಡಿದರು. "ಒಗೆ ವಾಸ್ನೆ ಇಲ್ಲ" ಎಂದಷ್ಟೇ ಹೇಳಿ ಹೊರಟರು.

ತಾತ ಹೋದ ವರ್ಷ ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು ಹದಿನಾರಿಗೆ ಹೋದೆ. ಅವರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ನಿಮ್ಮ ಮನೆಯಲ್ಲಿ ಮಿಕ್ಕಿದ್ದ ಒಣ ಸೌದೆ ನಮ್ಮ ಮಗುವನ್ನು ಉಳಿಸಿತು ಎಂದೆ.

"ಮಿಕ್ಕಿದ್ದು ಎಲ್ಲಿತ್ತಪ್ಪ? ಅಡ್ಗೆಗೆ ಅಂತ ನಾನು ಒಣಗ್ಸಿದ್ದೇ ಅದು. ಆ ತಿಂಗ್ಳೆಲ್ಲ ನಿಮ್ಮ ಹಸಿ ಸೌದೇಲಿ ಮುದ್ದೆ ಮಾಡ್ದೆ. ಕಣ್ಣೆಲ್ಲ ಉರಿ. ಬಾಯಿಗ್ ಬಂದಂಗೆ ಬಯ್ದೆ."

ನನಗೆ ಗೊತ್ತಿರಲಿಲ್ಲ. ತಾತ ಏನಂದರು ಎಂದು ಕೇಳಿದೆ.

"'ನಿಂಗೆ ಒಗೆಯಾದ್ರೆ ನನ್ನ ಬಯ್ತೀಯ. ಆ ಕೂಸು ಯಾರ್ನ ಬಯ್ಯಕಾಯ್ತದೆ?' ಅಂದ್ರು."